ಇ-ಮೇಲಿನ ಕೆಂಪು ಗೆರೆ ಮತ್ತು ಭಾಷೆಯ ಆಯ್ಕೆ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರ ಪತ್ರವ್ಯವಹಾರ ಒಂದೇ ಭಾಷೆಯಲ್ಲಿ ನಡೆಯುವುದು ವಿರಳ. ಊರಿನ ಬಂಧುಗಳಿಗೆ ಕನ್ನಡ, ಕಚೇರಿಗೆ ಇಂಗ್ಲಿಷ್, ಹೌಸಿಂಗ್ ಸೊಸೈಟಿಗೆ ಮರಾಠಿಯೋ ಹಿಂದಿಯೋ ಬೇಕಾಗುತ್ತದೆ. ಆದರೆ ಇ-ಮೇಲ್ ತಂತ್ರಾಂಶದಲ್ಲಿರುವ ಕಾಗುಣಿತ ಪರೀಕ್ಷಕವು ತನಗೆ ಒಪ್ಪಿಸಿದ ಪದಕೋಶವನ್ನು ಮಾತ್ರ ಬಲ್ಲದು. ಅದರಲ್ಲಿ ಇಲ್ಲದ ಪ್ರತಿಯೊಂದು ಪದದ ಅಡಿಯಲ್ಲೂ ಕೆಂಪು ಗೆರೆ ಎಳೆಯುತ್ತದೆ. ಮನೆಯಲ್ಲಿ ಕಷ್ಟಪಟ್ಟು ಕನ್ನಡ ಕಲಿತ ಮಗುವೊಂದು ಅಜ್ಜಿಗೆ ನಾಲ್ಕು ಸಾಲು ಬರೆದಾಗ ಪತ್ರವೆಲ್ಲ ಕೆಂಪಾದರೆ, ತನ್ನ ಕನ್ನಡವೇ ತಪ್ಪೆಂದು ಅದು ಭಾವಿಸೀತು. ಆ ಗೆರೆ ಅನೇಕ ವೇಳೆ ಸೂಚಿಸುವುದು ಬರೆದವರ ತಪ್ಪನ್ನಲ್ಲ, ಭಾಷೆಯ ಆಯ್ಕೆ ಹೊಂದಿಲ್ಲವೆಂಬುದನ್ನು ಮಾತ್ರ.

ಇಂಗ್ಲಿಷಿನಲ್ಲೂ ಈ ತೊಡಕು ಇದೆ. ನಾವು ಶಾಲೆಯಲ್ಲಿ ಕಲಿತದ್ದು ಬ್ರಿಟಿಷ್ ಕಾಗುಣಿತ. 'ಕಲರ್', 'ಆನರ್' ಎಂಬ ಪದಗಳಲ್ಲಿ ನಾವು ಬರೆಯುವ 'ಯು' ಅಕ್ಷರವನ್ನು ಅಮೆರಿಕನ್ನರು ಬಿಟ್ಟುಬಿಡುತ್ತಾರೆ. ಬ್ಯಾಂಕಿನ 'ಚೆಕ್' ಪದವನ್ನು ನಾವು 'ಕ್ಯು-ಯು-ಇ' ಎಂದು ಮುಗಿಸಿದರೆ ಅವರು 'ಸಿ-ಕೆ' ಎಂದು ಮುಗಿಸುತ್ತಾರೆ. ಅಮೆರಿಕನ್ ಪದಕೋಶ ಆಯ್ಕೆಯಾಗಿದ್ದರೆ ನಮ್ಮ ಸರಿಯಾದ ಬರಹವೂ ತಪ್ಪೆನಿಸಿಕೊಳ್ಳುತ್ತದೆ.

2004ರಲ್ಲಿ ಮೊದಲ ಪೂರ್ಣ ಆವೃತ್ತಿ ಬಿಡುಗಡೆಯಾದ, ಉಚಿತವಾಗಿ ದೊರೆಯುವ ಥಂಡರ್‌ಬರ್ಡ್ ತಂತ್ರಾಂಶವನ್ನು ಉದಾಹರಣೆಯಾಗಿ ನೋಡೋಣ. ಪತ್ರ ಬರೆಯುವ ಕಿಟಕಿಯಲ್ಲಿ, ಪಠ್ಯದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ 'ಲ್ಯಾಂಗ್ವೇಜಸ್' ಎಂಬ ಆಯ್ಕೆ ಕಾಣಿಸುತ್ತದೆ. ಅಲ್ಲಿ ಬೇಕಾದ ಭಾಷೆಯನ್ನು ಗುರುತಿಸಬೇಕು. ಭಾಷೆ ಪಟ್ಟಿಯಲ್ಲಿ ಇಲ್ಲದಿದ್ದರೆ, ಅಲ್ಲಿಯೇ ಇರುವ 'ಆಡ್ ಡಿಕ್ಷನರೀಸ್' ಮೂಲಕ ಲಭ್ಯವಿರುವ ಪದಕೋಶಗಳನ್ನು ನೋಡಿ ಅಳವಡಿಸಿಕೊಳ್ಳಬಹುದು. ಈ ಬದಲಾವಣೆ ಆ ಪತ್ರಕ್ಕೆ ಸೀಮಿತ. ಎಲ್ಲ ಪತ್ರಗಳಿಗೂ ಅನ್ವಯವಾಗಬೇಕಾದರೆ 'ಸೆಟ್ಟಿಂಗ್ಸ್'ನಲ್ಲಿ 'ಕಂಪೋಸಿಷನ್' ವಿಭಾಗಕ್ಕೆ ಹೋಗಿ, 'ಸ್ಪೆಲ್ಲಿಂಗ್' ಎಂಬಲ್ಲಿ ಭಾಷೆಯನ್ನು ನಿಗದಿಪಡಿಸಬೇಕು. ಇತ್ತೀಚಿನ ಆವೃತ್ತಿಗಳಲ್ಲಿ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಏಕಕಾಲಕ್ಕೆ ಗುರುತಿಸಬಹುದು. ಕನ್ನಡದ ನಡುವೆ ಇಂಗ್ಲಿಷ್ ಬೆರೆಸಿ ಬರೆಯುವವರಿಗೆ ಇದು ಅನುಕೂಲ.

ಈ ಪರೀಕ್ಷಕದ ಹಿಂದೆ ಕೆಲಸ ಮಾಡುವುದು 'ಹನ್‌ಸ್ಪೆಲ್' ಎಂಬ ತಂತ್ರಾಂಶ. ಹಂಗೇರಿಯ ಲಾಸ್ಲೋ ನೇಮೆತ್ ಅವರು ತಮ್ಮ ಭಾಷೆಗಾಗಿ ಇದನ್ನು ರೂಪಿಸಿದರು. ಹಂಗೇರಿಯನ್ ಭಾಷೆಯಲ್ಲಿಯೂ ನಮ್ಮ ಭಾಷೆಯಂತೆ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುತ್ತವೆ. ಅಲ್ಲಿ 'ಹಾಜ್' ಎಂದರೆ ಮನೆ, 'ಹಾಜ್‌ಬನ್' ಎಂದರೆ ಮನೆಯಲ್ಲಿ. ಆದುದರಿಂದ ಇದರ ಪದಕೋಶಕ್ಕೆ ಎರಡು ಕಡತಗಳು: ಒಂದರಲ್ಲಿ ಮೂಲಪದಗಳು, ಇನ್ನೊಂದರಲ್ಲಿ ಪ್ರತ್ಯಯ ಸೇರುವ ನಿಯಮಗಳು. ಮನೆ, ಮನೆಗೆ, ಮನೆಯಿಂದ ಎಂಬ ಎಲ್ಲ ರೂಪಗಳನ್ನೂ ಬಿಡಿಬಿಡಿಯಾಗಿ ಬರೆದಿಡುವ ಅಗತ್ಯ ಹೀಗೆ ತಪ್ಪುತ್ತದೆ. ಹನ್‌ಸ್ಪೆಲ್‌ಗೆ ಕನ್ನಡದ ಪದಪಟ್ಟಿಯೂ ಸಿದ್ಧವಾಗಿದೆ. ಆದರೆ 'ಮನೆಯಲ್ಲೊಬ್ಬ' ಎಂಬಂತಹ ಸಂಧಿರೂಪಗಳು ನಮ್ಮಲ್ಲಿ ಅಸಂಖ್ಯ. ಅವನ್ನೆಲ್ಲ ನಿಯಮಗಳಲ್ಲಿ ಹಿಡಿದಿಡುವುದು ಸುಲಭವಲ್ಲ. ಆದ್ದರಿಂದ ಕನ್ನಡ ಪದಕೋಶ ಇದ್ದರೂ ಶುದ್ಧ ಪದಗಳ ಕೆಳಗೆ ಗೆರೆ ಕಂಡರೆ ಅಚ್ಚರಿಪಡಬೇಕಿಲ್ಲ. ಅದು ಇಲ್ಲದಿದ್ದಾಗ 'ಸ್ಪೆಲ್ ಚೆಕ್ ಆ್ಯಸ್ ಯು ಟೈಪ್' ಗುರುತನ್ನು ತೆಗೆದು ಬರೆಯುವುದೇ ಮೇಲು.

ಎರಡು ಎಚ್ಚರಿಕೆಗಳು ಅಗತ್ಯ. ಗೆರೆ ಬಂದ ಪದವನ್ನು 'ಆಡ್ ಟು ಡಿಕ್ಷನರಿ' ಮೂಲಕ ಸೇರಿಸಿದರೆ ಮುಂದೆ ಅದು ಸರಿಯೆಂದೇ ಪರಿಗಣಿತವಾಗುತ್ತದೆ. ತಪ್ಪು ರೂಪವನ್ನು ಸೇರಿಸಿದರೆ ಆ ತಪ್ಪೂ ಸ್ಥಿರವಾಗುತ್ತದೆ. ಕುಟುಂಬದವರ ಹೆಸರು, ಊರಿನ ಹೆಸರುಗಳನ್ನು ನಿಘಂಟಿನಂತೆಯೇ ಪರಿಶೀಲಿಸಿ ಸೇರಿಸುವುದು ಉಚಿತ. ಎರಡನೆಯದಾಗಿ, ಗೆರೆ ಇಲ್ಲವೆಂದ ಮಾತ್ರಕ್ಕೆ ಬರಹ ನಿರ್ದೋಷವೆನ್ನಲಾಗದು. 'ಹಕ್ಕಿ' ಎನ್ನಬೇಕಾದಲ್ಲಿ 'ಅಕ್ಕಿ' ಎಂದು ಬರೆದರೂ ಯಂತ್ರ ಸುಮ್ಮನಿರುತ್ತದೆ, ಏಕೆಂದರೆ ಎರಡೂ ಪದಗಳೇ. ಕಳುಹಿಸುವ ಮುನ್ನ ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದುವ ಹಳೆಯ ಅಭ್ಯಾಸ ಈಗಲೂ ಪ್ರಯೋಜನಕಾರಿ. ಮಕ್ಕಳ ಕನ್ನಡವನ್ನು ತಿದ್ದುವ ಹೊಣೆ ಯಂತ್ರದ್ದಲ್ಲ, ಮನೆಯ ಹಿರಿಯರದು.