ಟೀಚರ್ ಬೀರುವಿನಲ್ಲಿ ಹತ್ತು ಕಾರ್ಡ್ ಯಾಕಿರಬೇಕು ಗೊತ್ತಾ?

ತಿಪಟೂರು: ಪೇಟೆಯ ಒಂದು ಸ್ಟೇಷನರಿ ಅಂಗಡಿ. ಗಲ್ಲಾ ಮೇಜಿನ ಗಾಜಿನ ಕೆಳಗೆ ದೇವರ ಫೋಟೊ, ಹೋಲ್‌ಸೇಲ್‌ನವರ ವಿಸಿಟಿಂಗ್ ಕಾರ್ಡು, ಪಕ್ಕದಲ್ಲಿ ಡ್ರಾಯಿಂಗ್ ಶೀಟ್ ಮಡಚಿ ಮಾಡಿದ ಒಂದು ಕಾರ್ಡು. ‘ನೀವು ಕೊಟ್ಟ ಸ್ಕೆಚ್ ಪೆನ್ನಲ್ಲೇ ಇದನ್ನ ಬರ್ದಿದೀವಿ’ ಅಂತ ಹಸಿರು ಅಕ್ಷರ, ಸಾಲು ಸ್ವಲ್ಪ ಸೊಟ್ಟ. ಎರಡು ವರ್ಷ ಆಯ್ತಂತೆ, ತೆಗೆಯೋಕೆ ಮಾಲೀಕರಿಗೆ ಮನಸ್ಸು ಬಂದಿಲ್ಲ.

ಇದೇ ಮಾಲೀಕರು ಇನ್ನೊಂದು ಸರ್ಕಾರಿ ಶಾಲೆಗೆ ನಾಲ್ಕು ವರ್ಷ ನೋಟ್‌ಬುಕ್ ಕೊಟ್ಟು, ಆಮೇಲೆ ನಿಲ್ಲಿಸಿಬಿಟ್ಟಿದಾರೆ. ಯಾಕೆ ಅಂತ ಕೇಳಿದೆ. ‘ಕೊಟ್ಟಾಗ ಫೋಟೊ ತೆಗೆಸ್ಕೊಂಡ್ರು. ಮಕ್ಕಳ ಕೈಗೆ ಹೋಯ್ತೋ, ಬೀರುವಲ್ಲೇ ಉಳೀತೋ ಒಂದು ಮಾತೂ ಬರಲಿಲ್ಲ. ಸನ್ಮಾನ, ಶಾಲು ನಂಗೆ ಬೇಡ ಸಾರ್’ ಅಂದ್ರು.

ಹಸಿರು ಅಕ್ಷರದ ಕಾರ್ಡು ಕಳಿಸಿದ ಟೀಚರ್ ಹುಡುಕಿಕೊಂಡು ಹೋದೆ. ಹಳ್ಳಿ ಶಾಲೆ, ಹೆಸರು ಹಾಕಬೇಡಿ ಅಂದ್ರು. ಬೀರು ತೆಗೆದು ಒಂದು ಹಳೇ ಸ್ವೀಟ್ ಡಬ್ಬಿ ತೋರಿಸಿದ್ರು. ಖಾಲಿ ಕಾರ್ಡು, ಪೋಸ್ಟ್ ಕಾರ್ಡು, ಕವರು, ಸ್ಟಾಂಪು, ಎರಡು ಪೆನ್ನು. ‘ನೋಟ್‌ಬುಕ್ ಕೊಡ್ತಿದ್ದ ಆ ಶಾಲೇಲಿ ಆಗ ನಾನೇ ಇದ್ದೆ. ನಾಳೆ ಪೇಟೆಗೆ ಹೋದಾಗ ಕಾರ್ಡ್ ತಂದು ಬರೆಯೋಣ ಅಂತ ಅಂದ್ಕೊಂಡೆ. ಆ ನಾಳೆ ಬರಲೇ ಇಲ್ಲ. ಇಲ್ಲಿಗೆ ವರ್ಗ ಆದ ಮೇಲೆ ಮೊದಲು ಈ ಡಬ್ಬಿ ಇಟ್ಟೆ’ ಅಂದ್ರು.

ವಿಷಯ ಇಷ್ಟೇ. ಟೀಚರ್‌ಗೆ ಬರೆಯೋಕೆ ಮನಸ್ಸಿರುತ್ತೆ, ಬೇಕಾದ ಗಳಿಗೆಯಲ್ಲಿ ಕೈಗೆ ಕಾರ್ಡ್ ಸಿಗಲ್ಲ. ಬಿಸಿಯೂಟದ ಲೆಕ್ಕ, ಹಾಜರಾತಿ, ಆನ್‌ಲೈನ್ ಎಂಟ್ರಿ, ಮೀಟಿಂಗು ಮುಗಿಯೋ ಹೊತ್ತಿಗೆ ಬಸ್ ಹೊರಟಿರುತ್ತೆ. ವಾಟ್ಸಾಪ್‌ನಲ್ಲಿ ಕೈಮುಗಿಯೋ ಚಿತ್ರ ಕಳಿಸ್ಬೋದು, ಅದನ್ನ ಯಾರೂ ಗಾಜಿನ ಕೆಳಗೆ ಇಡಲ್ಲ.

ಖರ್ಚು ದೊಡ್ಡದಲ್ಲ. ಅಂಚೆ ಕಚೇರಿಯ ಪೋಸ್ಟ್ ಕಾರ್ಡ್ 50 ಪೈಸೆ, ಇನ್‌ಲ್ಯಾಂಡ್ ಲೆಟರ್ ಎರಡೂವರೆ ರೂಪಾಯಿ, 20 ಗ್ರಾಂ ಒಳಗಿನ ಕವರ್‌ಗೆ 5 ರೂಪಾಯಿ ಸ್ಟಾಂಪು. ಒಮ್ಮೆ ಹೋದಾಗ ಇಪ್ಪತ್ತು ಪೋಸ್ಟ್ ಕಾರ್ಡ್ ತಂದಿಟ್ಟುಕೊಂಡ್ರೆ ವರ್ಷ ನಡೆಯುತ್ತೆ. ಒಂದು ಡ್ರಾಯಿಂಗ್ ಶೀಟ್ ಕತ್ತರಿಸಿದ್ರೆ ನಾಲ್ಕೈದು ಕಾರ್ಡ್ ಸಲೀಸು, ಚಿತ್ರ ಬಿಡಿಸೋಕೆ ಮಕ್ಕಳು ನಾನು ನಾನು ಅಂತ ಬರ್ತಾರೆ.

ಅಂಗಡಿಯವರಿಗೂ ಒಂದು ಮಾತು. ಹಿಂದೆ ಹೊಸ ವರ್ಷ, ಸಂಕ್ರಾಂತಿ ಬಂದ್ರೆ ಗ್ರೀಟಿಂಗ್ ಕಾರ್ಡನ್ನ ದಾರಕ್ಕೆ ಸಿಕ್ಕಿಸಿ ಅಂಗಡಿ ಮುಂದೆ ತೂಗು ಹಾಕ್ತಿದ್ರು. ಆ ವ್ಯಾಪಾರ ಮೊಬೈಲ್ ಬಂದ ಮೇಲೆ ಹೋಯ್ತು, ಸರಿ. ಆದ್ರೆ ಒಳಗೆ ಏನೂ ಅಚ್ಚಾಗದ ಖಾಲಿ ಕಾರ್ಡ್ ಕೇಳೋರು ಇನ್ನೂ ಇದಾರೆ. ಇಂಗ್ಲಿಷ್‌ನಲ್ಲಿ ಆರು ಸಾಲು ಕವಿತೆ ಅಚ್ಚಾಗಿದ್ರೆ ಟೀಚರ್ ಎಲ್ಲಿ ಬರೀಬೇಕು?

ಯಾರಿಗೆಲ್ಲ ಬೇಕಾಗುತ್ತೆ? ದಾನಿಗಳು ಒಂದು ಕಡೆ. ಅಡುಗೆ ಸಿಬ್ಬಂದಿ, ನೀರಿನ ಮೋಟಾರ್ ರಿಪೇರಿ ಮಾಡಿ ದುಡ್ಡು ತಗೊಳ್ಳದ ಊರಿನ ಹುಡುಗ, ತಿಂಗಳ ಕೊನೇ ದಿನ ನಿವೃತ್ತಿ ಆಗೋ ಸಹೋದ್ಯೋಗಿ, ಡೆಂಗ್ಯೂ ಬಂದು ಹದಿನೈದು ದಿನ ಮನೇಲಿ ಮಲಗಿದ ಮಗು. ಸಾವಿನ ಮನೆಗೂ ಬೇಕಾಗುತ್ತೆ, ಅದಕ್ಕೆ ಎರಡು ಬಿಳಿ ಕಾರ್ಡು ಬೇರೆ ಇಟ್ಟಿರಿ. ಮಿಂಚೋ ಹೂವಿನ ಕಾರ್ಡನ್ನ ಅಲ್ಲಿಗೆ ಕಳಿಸೋಕಾಗಲ್ಲ.

ಮಕ್ಕಳಿಗೆ ಹುಟ್ಟುಹಬ್ಬದ ಕಾರ್ಡ್ ಕೊಡೋರು ಎಲ್ಲರಿಗೂ ಕೊಡಬೇಕು, ಫಸ್ಟ್ ಬರೋರಿಗೆ ಮಾತ್ರ ಅಲ್ಲ. ದಾಖಲಾತಿ ಪುಸ್ತಕ ಮಾತ್ರ ನಂಬಬೇಡಿ. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಜೂನ್ 1 ಅಂತ ಬರೆಸಿದವರು ಎಷ್ಟು ಜನ! ಮನೇಲಿ ಅಮ್ಮನ್ನ ಕೇಳಿದ್ರೆ ಸರಿಯಾದ ದಿನ ಸಿಗುತ್ತೆ.

ಬರೆಯೋದು ಹೇಗೆ ಅಂದ್ರೆ ನಾಲ್ಕು ಸಾಲು ಸಾಕು. ‘ತಮ್ಮ ಅಮೂಲ್ಯ ಸಹಕಾರಕ್ಕೆ ಹೃತ್ಪೂರ್ವಕ’ ಅಂತ ಆಹ್ವಾನ ಪತ್ರಿಕೆ ಭಾಷೆ ಬೇಡ. ಏನು ಬಂತು, ಯಾರ ಕೈಗೆ ಹೋಯ್ತು, ಅದರಿಂದ ಏನಾಯ್ತು, ಅಷ್ಟೇ. ‘ಅಣ್ಣಾ, ನೀವು ಕೊಟ್ಟ ಫಿಲ್ಟರ್ ಮೊನ್ನೆ ಫಿಟ್ ಮಾಡಿಸಿದ್ವಿ. ಮಕ್ಕಳು ಈಗ ಮನೆಯಿಂದ ಬಾಟಲಿ ಹೊರೋದು ಬಿಟ್ಟಿದಾರೆ’ ಅಂದ್ರೆ ಕೊಟ್ಟವರಿಗೆ ಎಲ್ಲ ತಿಳಿಯುತ್ತೆ. ಕೆಳಗೆ ಒಂದು ಮಗುವಿನ ಕೈಲಿ ಒಂದು ಸಾಲು ಬರೆಸಿ, ಒತ್ತಕ್ಷರ ತಪ್ಪಿದ್ರೂ ತಿದ್ದಬೇಡಿ. ಒಂದು ಎಚ್ಚರಿಕೆ: ಕಾರ್ಡು ರಸೀದಿ ಅಲ್ಲ. ವಸ್ತು ಬಂದ್ರೆ ಸ್ಟಾಕ್ ಪುಸ್ತಕಕ್ಕೆ ಏರಿಸಿ, ಎಸ್‌ಡಿಎಂಸಿ ಸಭೆಗೆ ತಿಳಿಸಿ. ಹಣ ಬಂದ್ರೆ ರಸೀದಿ ಬೇರೆ ಕೊಡಲೇಬೇಕು.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟು ಮನೇಲಿ ಕೂತಾಗ ಹೈಸ್ಕೂಲ್ ಕನ್ನಡ ಮೇಷ್ಟ್ರಿಂದ ಒಂದು ಪೋಸ್ಟ್ ಕಾರ್ಡ್ ಬಂದಿತ್ತು. ಬೈದಿರಲಿಲ್ಲ. ‘ನಿನ್ನ ಪ್ರಬಂಧ ಚೆನ್ನಾಗಿರ್ತಿತ್ತು, ಬರೆಯೋದು ಬಿಡಬೇಡ’ ಅಂತಿತ್ತು. ಆ 50 ಪೈಸೆ ಕಾರ್ಡು ಇವತ್ತಿಗೂ ನನ್ನ ಬೈಕ್ ಆರ್‌ಸಿ ಜೊತೆ ಇದೆ.

ಹೊರಡುವಾಗ ಟೀಚರ್‌ನ ಕೇಳಿದೆ, ಆ ನೋಟ್‌ಬುಕ್ ವಿಷಯವನ್ನೂ ಬರೀಲಾ ಮೇಡಂ? ಸ್ವಲ್ಪ ಹೊತ್ತು ಸುಮ್ಮನಿದ್ರು. ‘ಬರೀರಿ. ಆದ್ರೆ ಎರಡು ದಿನ ತಡೀರಿ, ಪೇಪರಲ್ಲಿ ಓದೋಕೆ ಮುಂಚೆ ನನ್ನ ಕಾರ್ಡು ಅವರಿಗೆ ಸಿಗಲಿ’ ಅಂತ ಡಬ್ಬಿಯಿಂದ ಒಂದನ್ನ ತೆಗೆದ್ರು. ಸೋಮವಾರ ಬರಬೇಕಿದ್ದ ಈ ಬರಹ ಗುರುವಾರ ಬರ್ತಿರೋದು ಅದಕ್ಕೇ.