ಬೀದಿಯ ಒಲೆಗೆ ಸೂರು: ಸಿಂಗಪುರದ ಹಾಕರ್ ಕೇಂದ್ರಗಳು

ಸಿಂಗಪುರದ ಹಾಕರ್ ಕೇಂದ್ರವೆಂದರೆ ಒಂದೇ ಚಾವಣಿಯ ಕೆಳಗೆ ಹತ್ತಾರು, ಕೆಲವೆಡೆ ನೂರಕ್ಕೂ ಮಿಕ್ಕಿದ ಪುಟ್ಟ ಅಡುಗೆ ಮಳಿಗೆಗಳು ಸಾಲಾಗಿ ನಿಂತು, ನಡುವಿನ ಮೇಜು ಮತ್ತು ಆಸನಗಳನ್ನು ಯಾವ ಮಳಿಗೆಗೂ ಮೀಸಲಿಡದೆ ಬಂದವರಿಗೆಲ್ಲ ಸಮಾನವಾಗಿ ಬಿಟ್ಟುಕೊಟ್ಟಿರುವ ಸಾರ್ವಜನಿಕ ಊಟದ ಮನೆ. ಬಹುತೇಕ ಕೇಂದ್ರಗಳಿಗೆ ಸುತ್ತುಗೋಡೆಯಿಲ್ಲ, ಹವಾನಿಯಂತ್ರಣವಿಲ್ಲ. ಸಮಭಾಜಕ ವೃತ್ತಕ್ಕೆ ಹತ್ತಿರದ ಆ ನಗರದ ಸೆಕೆಯಲ್ಲಿ ಫ್ಯಾನಿನ ಗಾಳಿಯೇ ಆಸರೆ. ‘ಹಾಕರ್’ ಎಂಬ ಇಂಗ್ಲಿಷ್ ಪದಕ್ಕೆ ಸರಕು ಹೊತ್ತು ತಿರುಗಾಡುತ್ತ ಕೂಗಿ ಮಾರುವವನು ಎಂದರ್ಥ. ಈಗ ಈ ಕೇಂದ್ರಗಳಲ್ಲಿ ಯಾರೂ ತಿರುಗಾಡುವುದಿಲ್ಲ, ಕೂಗಿ ಮಾರುವುದೂ ಅಪರೂಪ. ಆದರೂ ಹಳೆಯ ಹೆಸರೇ ಉಳಿದುಕೊಂಡಿದ್ದು, ಈ ಸಂಸ್ಥೆ ಎಲ್ಲಿಂದ ಬಂತೆಂಬುದನ್ನು ಆ ಹೆಸರೇ ಹೇಳುತ್ತದೆ.

ಈ ನಗರಕ್ಕೆ ಬರುವ ಪ್ರವಾಸಿಗರ ಪಟ್ಟಿಯಲ್ಲಿ ಮರೀನಾ ಬೇಯ ಗಗನಚುಂಬಿಗಳೂ ಆರ್ಚರ್ಡ್ ರಸ್ತೆಯ ಮಾಲ್‌ಗಳೂ ಮೊದಲ ಸಾಲಿನಲ್ಲಿರುತ್ತವೆ. ಆದರೆ ನೋಡುವುದು, ತಿನ್ನುವುದು, ಕೊಳ್ಳುವುದು ಎಂಬ ಮೂರೂ ಕೆಲಸಗಳು ಬೇರೆ ಬೇರೆಯಾಗದೆ ಒಂದೇ ತಾಣದಲ್ಲಿ, ಅದೂ ಊರಿನವರ ನಿತ್ಯದ ಬದುಕಿನ ನಡುವೆಯೇ ನಡೆಯುವುದನ್ನು ಕಾಣಬೇಕಾದರೆ ಹಾಕರ್ ಕೇಂದ್ರಕ್ಕೇ ಹೋಗಬೇಕು. ಇಂತಹ 110ಕ್ಕೂ ಹೆಚ್ಚು ಕೇಂದ್ರಗಳು ದ್ವೀಪದ ಉದ್ದಗಲಕ್ಕೂ ಹರಡಿವೆ. ಸಿಂಗಪುರದ ಹಾಕರ್ ಸಂಸ್ಕೃತಿಯನ್ನು ಯುನೆಸ್ಕೊ 2020ರ ಡಿಸೆಂಬರ್‌ನಲ್ಲಿ ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅಮೂರ್ತ ಪರಂಪರೆ ಎಂದರೆ ಕಲ್ಲು, ಗಾರೆಗಳಲ್ಲಿ ನಿಲ್ಲದೆ ಜನರ ರೂಢಿ, ಕೌಶಲ ಮತ್ತು ಒಡನಾಟಗಳಲ್ಲಿ ಬದುಕಿರುವ ಪರಂಪರೆ. ಸಿಂಗಪುರದಿಂದ ಆ ಪಟ್ಟಿಗೆ ಸೇರಿದ ಮೊದಲನೆಯದು ಅರಮನೆಯ ಕಲೆಯಲ್ಲ, ಬೀದಿಯ ಅಡುಗೆ.

ಕಾವಡಿಯಿಂದ ಕಟ್ಟೆಗೆ

1819ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸಿಂಗಪುರದಲ್ಲಿ ವ್ಯಾಪಾರ ಠಾಣ್ಯ ತೆರೆದ ಮೇಲೆ ದಕ್ಷಿಣ ಚೀನಾದ ಕರಾವಳಿಯಿಂದ, ಮಲಯ ದ್ವೀಪಗಳಿಂದ, ತಮಿಳು ನಾಡಿನಿಂದ ದುಡಿಮೆ ಅರಸಿ ಬಂದವರಲ್ಲಿ ಹೆಚ್ಚಿನವರು ಒಂಟಿ ಗಂಡಸರಾಗಿದ್ದು, ಅಡುಗೆ ಮಾಡಿಕೊಳ್ಳಲು ಅವರಿಗೆ ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಅವರ ಹಸಿವನ್ನು ನೀಗಿದವರು ಬಿದಿರಿನ ಕಾವಡಿಯ ಒಂದು ತುದಿಗೆ ಉರಿಯುವ ಒಲೆಯನ್ನೂ ಇನ್ನೊಂದು ತುದಿಗೆ ಪಾತ್ರೆ, ಬಟ್ಟಲುಗಳನ್ನೂ ತೂಗುಹಾಕಿಕೊಂಡು ಬೀದಿ ಬೀದಿ ಸುತ್ತುತ್ತಿದ್ದ ಹಾಕರ್‌ಗಳು. ಹೆಚ್ಚು ಬಂಡವಾಳ ಬೇಡದ ಈ ಕಸುಬು ಬೇರೆ ಕೆಲಸ ಸಿಗದವರಿಗೂ ಅನ್ನದ ದಾರಿಯಾಯಿತು; ಎರಡನೆಯ ಮಹಾಯುದ್ಧದ ನಂತರದ ನಿರುದ್ಯೋಗದ ದಿನಗಳಲ್ಲಿ ಬೀದಿಗಳು ಇಂಥವರಿಂದ ತುಂಬಿಹೋದವು.

ಆದರೆ ಬೀದಿಯಲ್ಲಿ ನಲ್ಲಿಯಿರಲಿಲ್ಲ. ಒಂದೇ ಬಕೆಟ್ಟಿನ ನೀರಿನಲ್ಲಿ ದಿನವಿಡೀ ತಟ್ಟೆ ತೊಳೆಯುವುದು, ಎಂಜಲು ಮತ್ತು ಜಿಡ್ಡನ್ನು ಚರಂಡಿಗೆ ಸುರಿಯುವುದು, ಅದು ಹರಿದು ಸಿಂಗಪುರ ನದಿಯನ್ನು ಸೇರುವುದು ನಿತ್ಯದ ಸಂಗತಿಯಾಗಿ, ಕಾಲರಾ ಮತ್ತು ವಿಷಮಶೀತ ಜ್ವರಗಳ ಭಯ ಊರನ್ನು ಕಾಡುತ್ತಿತ್ತು. ವಸಾಹತು ಸರ್ಕಾರ 1950ರಲ್ಲಿ ಈ ಬಗ್ಗೆ ವಿಚಾರಣಾ ಆಯೋಗವನ್ನೇ ನೇಮಿಸಿತು. 1965ರಲ್ಲಿ ಸ್ವತಂತ್ರವಾದ ಪುಟ್ಟ ದೇಶದ ಮುಂದೆ ಆಗ ಎರಡು ದಾರಿಗಳಿದ್ದವು: ಹಾಕರ್‌ಗಳನ್ನು ಎತ್ತಂಗಡಿ ಮಾಡಿ ಬೀದಿಯನ್ನು ಸ್ವಚ್ಛಗೊಳಿಸುವುದು ಒಂದು, ಬೀದಿ ಕೊಡಲಾಗದ ನೀರು, ಚರಂಡಿ ಮತ್ತು ನೆರಳನ್ನು ಅವರಿಗೆ ಒದಗಿಸಿ ಕಸುಬನ್ನು ಉಳಿಸುವುದು ಇನ್ನೊಂದು.

ಸಿಂಗಪುರ ಎರಡನೆಯ ದಾರಿಯನ್ನು ಹಿಡಿಯಿತು. 1968–69ರಲ್ಲಿ ದ್ವೀಪದಾದ್ಯಂತ ಗಣತಿ ನಡೆಸಿ ಸುಮಾರು 18,000 ಬೀದಿ ಹಾಕರ್‌ಗಳನ್ನು ನೋಂದಾಯಿಸಿ ಪರವಾನಗಿ ನೀಡಲಾಯಿತು. 1971ರಿಂದ ನಲ್ಲಿ, ವಿದ್ಯುತ್, ಒಳಚರಂಡಿ ಮತ್ತು ಕಸ ವಿಲೇವಾರಿಯ ವ್ಯವಸ್ಥೆಯುಳ್ಳ ಕೇಂದ್ರಗಳನ್ನು ಕಟ್ಟುತ್ತ, ಬೀದಿಯವರನ್ನು ಹಂತಹಂತವಾಗಿ ಅಲ್ಲಿಗೆ ಸೇರಿಸುತ್ತ ಬಂದು, 1986ರ ಹೊತ್ತಿಗೆ ಆ ಕೆಲಸವನ್ನು ಮುಗಿಸಲಾಯಿತು. ಗೃಹ ಮತ್ತು ಅಭಿವೃದ್ಧಿ ಮಂಡಳಿ ಅದೇ ಕಾಲಕ್ಕೆ ಕಟ್ಟುತ್ತಿದ್ದ ಬಹುಮಹಡಿ ವಸತಿ ಬಡಾವಣೆಗಳ ಮಗ್ಗುಲಲ್ಲೇ ಅನೇಕ ಕೇಂದ್ರಗಳು ಎದ್ದದ್ದರಿಂದ, ಮನೆಯಿಂದ ಇಳಿದರೆ ತರಕಾರಿ, ಮೀನು ಮಾರುವ ಸಂತೆಕಟ್ಟೆ, ಅದರ ಪಕ್ಕದಲ್ಲೇ ಊಟದ ಮೇಜು ಎಂಬ ಏರ್ಪಾಡು ಮನೆಮಾತಾಯಿತು. ನೆಲೆ ತಪ್ಪಿದ ಹಾಕರ್‌ಗಳಿಗೆ ಈ ಸ್ಥಳಾಂತರ ಸುಲಭವಾಗಿರಲಿಲ್ಲ. ಹಳೆಯ ಮೂಲೆಯ ಗಿರಾಕಿಗಳನ್ನು ಬಿಟ್ಟು ಹೊಸ ಕಡೆ ಹೆಸರು ಗಳಿಸಬೇಕಿತ್ತು. ಆದರೆ ಕೈಗಾಡಿಯ ಮೇಲಿದ್ದ ಅಡುಗೆ ಅದೇ ಕೈಗಳ ಜೊತೆಯಲ್ಲೇ ಒಳಗೆ ಬಂದದ್ದರಿಂದ ರುಚಿಯ ಪರಂಪರೆ ಕಡಿದುಹೋಗಲಿಲ್ಲ.

ಎರಡು ಮಾರುಕಟ್ಟೆಗಳು, ಎರಡು ಮುಖಗಳು

ನಗರದ ಹಣಕಾಸು ಕಚೇರಿಗಳ ಗೋಪುರಗಳ ನಡುವೆ ತಗ್ಗಾಗಿ ಕುಳಿತಿರುವ ಲಾವ್ ಪಾ ಸಾತ್ ಕಟ್ಟಡವಾಗಿಯೂ ನೋಡತಕ್ಕದ್ದು. ಹೊಕ್ಕಿಯೆನ್ ಎಂಬ ದಕ್ಷಿಣ ಚೀನೀ ನುಡಿಯಲ್ಲಿ ‘ಲಾವ್’ ಎಂದರೆ ಹಳೆಯದು. ‘ಪಾ ಸಾತ್’ ಎಂಬುದು ಮಲಯದ ‘ಪಸಾರ್’ನಿಂದ ಬಂದಿದ್ದು, ಆ ಪಸಾರ್‌ನ ಮೂಲ ಪಾರಸಿಯ ‘ಬಾಜಾರ್’. ಕನ್ನಡದ ‘ಬಜಾರು’ ಕೂಡ ಅದೇ ಬೇರಿನದಾಗಿರುವುದರಿಂದ ಕನ್ನಡಿಗರಿಗೆ ಈ ಹೆಸರು ದೂರದ ನೆಂಟ. ಜೇಮ್ಸ್ ಮ್ಯಾಕ್‌ರಿಚಿ ಎಂಬ ಎಂಜಿನಿಯರ್ ರೂಪಿಸಿದ ಈಗಿನ ಕಟ್ಟಡ 1894ರದು. ಹಳೆಯ ಮಾರುಕಟ್ಟೆಯ ಎಂಟು ಮೂಲೆಯ ಆಕಾರವನ್ನು ಉಳಿಸಿಕೊಂಡು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬ, ಕಮಾನುಗಳನ್ನು ಹಡಗಿನಲ್ಲಿ ತಂದು ಜೋಡಿಸಿ ನಿಲ್ಲಿಸಿದ್ದು. 1973ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ಇದನ್ನು 1980ರ ದಶಕದಲ್ಲಿ ಭೂಗತ ರೈಲುಮಾರ್ಗದ ಕೆಲಸಕ್ಕಾಗಿ ಬಿಚ್ಚಿ, ಮತ್ತೆ ಅಲ್ಲೇ ಕಟ್ಟಲಾಯಿತು. ಸಂಜೆಯಾಗುತ್ತಲೇ ಪಕ್ಕದ ಬೂನ್ ಟಾಟ್ ಬೀದಿಯಲ್ಲಿ ವಾಹನಗಳನ್ನು ತಡೆದು ಮೇಜು ಹಾಕಿ, ಕಡ್ಡಿಗೆ ಪೋಣಿಸಿದ ಮಾಂಸದ ತುಣುಕುಗಳನ್ನು ಇದ್ದಿಲ ಕೆಂಡದ ಮೇಲೆ ಸುಟ್ಟು ಕಡಲೆಕಾಯಿ ಗೊಜ್ಜಿನೊಂದಿಗೆ ಕೊಡುವ ‘ಸಾತೆ’ಯ ವ್ಯಾಪಾರ ನಡೆಯುತ್ತದೆ.

ಲಿಟ್ಲ್ ಇಂಡಿಯಾ ಬಡಾವಣೆಯ ತೆಕ್ಕಾ ಕೇಂದ್ರದ್ದು ಇನ್ನೊಂದು ಬಗೆಯ ಸೊಗಸು. ಈ ಪ್ರದೇಶದಲ್ಲಿ ಒಂದು ಕಾಲಕ್ಕೆ ಜಾನುವಾರು ವ್ಯಾಪಾರ ನಡೆಯುತ್ತಿದ್ದರಿಂದ 1915ರ ಹಳೆಯ ಮಾರುಕಟ್ಟೆಗೆ ಮಲಯ ಭಾಷೆಯಲ್ಲಿ ‘ಕಂದಾಂಗ್ ಕೆರ್ಬಾವ್’, ಅಂದರೆ ಎಮ್ಮೆ ಕೊಟ್ಟಿಗೆ, ಎಂದು ಹೆಸರಿತ್ತು. ಪಕ್ಕದ ರಸ್ತೆ ಇಂದಿಗೂ ಬಫೆಲೊ ರೋಡ್. ಚೀನೀ ಜನ ಅದನ್ನು ‘ಬಿದಿರ ಮೆಳೆಯ ಬುಡ’ ಎಂಬರ್ಥದಲ್ಲಿ ತೆಕ್ಕಾ ಎನ್ನುತ್ತಿದ್ದರು. 1982ರಲ್ಲಿ ಹೊಸ ಕಟ್ಟಡ ತೆರೆದಾಗ ಅದೇ ಪದದ ಪ್ರಮಾಣಿತ ಚೀನೀ ಉಚ್ಚಾರದಂತೆ ‘ಝುಜಿಯಾವ್ ಕೇಂದ್ರ’ ಎಂದು ಫಲಕ ಬರೆಸಿದರೂ ಜನರ ಬಾಯಲ್ಲಿ ಅದು ನಿಲ್ಲಲಿಲ್ಲ. 2000ದಲ್ಲಿ ಜನರ ಹೆಸರೇ ಅಧಿಕೃತವಾಯಿತು. ನೆಲಮಹಡಿಯ ಒಂದು ಪಾಲಿನಲ್ಲಿ ಕರಿಬೇವು, ನುಗ್ಗೆಕಾಯಿ, ಬಾಳೆಹೂವು, ಮೀನು, ಮಾಂಸ. ಇನ್ನೊಂದು ಪಾಲಿನಲ್ಲಿ ದೋಸೆಯ ಕಾವಲಿ, ಬಿರಿಯಾನಿಯ ಹಂಡೆ, ಚೀನೀ ಬಾಣಲೆ. ಮೇಲ್ಮಹಡಿಯಲ್ಲಿ ಸೀರೆ, ಸಿದ್ಧ ಉಡುಪು ಮತ್ತು ದರ್ಜಿಗಳ ಅಂಗಡಿಗಳು. ಹೊರಗೆ ಸೆರಂಗೂನ್ ರಸ್ತೆಯಲ್ಲಿ ಮಲ್ಲಿಗೆಯ ಹಾರ, ಚಿನ್ನದಂಗಡಿಗಳ ಸಾಲು.

ತಟ್ಟೆಯ ವಂಶಾವಳಿ

ಈ ಕೇಂದ್ರಗಳಲ್ಲಿ ಸಿಗುವ ತಿನಿಸುಗಳು ವಲಸೆ ಬಂದವರ ಅಡುಗೆಯೇ ಆದರೂ ಬಂದ ಊರಿನಲ್ಲಿ ಇದ್ದಂತೆ ಉಳಿದಿಲ್ಲ. ಕೋಳಿಯ ಸಾರಿನಲ್ಲಿ ಶುಂಠಿ, ಬೆಳ್ಳುಳ್ಳಿ ಹಾಕಿ ಬೇಯಿಸಿದ ಅನ್ನದೊಂದಿಗೆ ಬಡಿಸುವ ಹೈನಾನ್ ಕೋಳಿಯನ್ನಕ್ಕೆ ಮೂಲ ಚೀನಾದ ಹೈನಾನ್ ದ್ವೀಪ; ಜೊತೆಗಿಡುವ ಮೆಣಸಿನಕಾಯಿ ಚಟ್ನಿಯ ಖಾರ ಆಗ್ನೇಯ ಏಷ್ಯಾದ್ದು. ‘ಮೀ ಗೊರೆಂಗ್’ ಎಂಬ ಹುರಿದ ನೂಡಲ್ಸ್‌ನಲ್ಲಿ ‘ಮೀ’ ಹೊಕ್ಕಿಯೆನ್ ಪದ, ‘ಗೊರೆಂಗ್’ ಮಲಯ ಪದ, ಅದನ್ನು ಕೆಂಪಗೆ ಹುರಿದು ಹೆಸರಾದವರು ದಕ್ಷಿಣ ಭಾರತ ಮೂಲದ ಮುಸ್ಲಿಮರು. ಪರೋಟದ ತಮ್ಮನಂತಿರುವ ‘ರೋಟಿ ಪ್ರಾತ’ದ ಹಿಟ್ಟನ್ನು ಎಣ್ಣೆಯಲ್ಲಿ ನೆನೆಯಿಟ್ಟು, ಎರಡೂ ಕೈಯಿಂದ ಬೀಸಿ ಬೀಸಿ ಕರವಸ್ತ್ರದಷ್ಟು ತೆಳುವಾಗಿಸಿ, ಮಡಿಸಿ ಕಾವಲಿಗೆ ಹಾಕುವ ಕೈಚಳಕವನ್ನು ನೋಡಲೆಂದೇ ಮಕ್ಕಳು ಮಳಿಗೆಯ ಮುಂದೆ ನಿಲ್ಲುತ್ತಾರೆ. ‘ಪುಟು ಮಾಯಮ್’ ಎಂಬುದು ನಮ್ಮ ಒತ್ತು ಶಾವಿಗೆಯೇ. ಅಲ್ಲಿ ಅದಕ್ಕೆ ತೆಂಗಿನ ತುರಿ, ಕೆಂಪು ಸಕ್ಕರೆ ಜೊತೆ.

ಸಸ್ಯಾಹಾರಿಗಳು ಇಲ್ಲಿ ಉಪವಾಸವಿರಬೇಕಿಲ್ಲ. ದೋಸೆ, ಅಪ್ಪಂ ಮಳಿಗೆಗಳಲ್ಲದೆ ಅನೇಕ ಕೇಂದ್ರಗಳಲ್ಲಿ ಚೀನೀ ಬೌದ್ಧ ಪದ್ಧತಿಯ ಸಸ್ಯಾಹಾರ ಮಳಿಗೆಗಳೂ ಇರುತ್ತವೆ. ಆ ಪದ್ಧತಿಯಲ್ಲಿ ಸಾಂಪ್ರದಾಯಿಕವಾಗಿ ಈರುಳ್ಳಿ, ಬೆಳ್ಳುಳ್ಳಿಗಳೂ ವರ್ಜ್ಯ. ಆದರೆ ಬೇರೆ ಮಳಿಗೆಗಳಲ್ಲಿ ಬರಿಯ ಸೊಪ್ಪಿನ ಪಲ್ಯದಂತೆ ಕಾಣುವುದರಲ್ಲೂ ಸೀಗಡಿಯನ್ನು ಹುದುಗಿಸಿ ಅರೆದು ಮಾಡಿದ ‘ಬೆಲಚಾನ್’ ಸೇರಿರಬಹುದಾದ್ದರಿಂದ ಕೇಳಿ ತಿಳಿಯುವುದು ಒಳ್ಳೆಯದು.

ಬೆರೆತ ಊರಿನ ಭಾಷೆಯನ್ನು ಕಿವಿಯಾರೆ ಕೇಳಬೇಕಾದರೆ ಕಾಫಿ ಮಳಿಗೆಯ ಮುಂದೆ ನಿಲ್ಲಬೇಕು. ಸಕ್ಕರೆ ಮತ್ತು ಮಾರ್ಗರಿನ್ ಸೇರಿಸಿ ಕಪ್ಪಗೆ ಹುರಿದ ಬೀಜದ ಪುಡಿಯನ್ನು ಕಾಲುಚೀಲದಂತಹ ಉದ್ದನೆಯ ಬಟ್ಟೆಯ ಸೋಸುಕದಲ್ಲಿ ತುಂಬಿ, ಉದ್ದ ಮೂತಿಯ ಹೂಜಿಯಿಂದ ಕುದಿನೀರನ್ನು ಎತ್ತರದಿಂದ ಹೊಯ್ದು ಇಳಿಸಿದ ಗಟ್ಟಿ ಕಷಾಯಕ್ಕೆ ಅಲ್ಲಿ ‘ಕೊಪಿ’ ಎಂದು ಹೆಸರು. ಬರಿದೇ ‘ಕೊಪಿ’ ಎಂದರೆ ಸಿಹಿಯಾದ ಮಂದಗೊಳಿಸಿದ ಹಾಲು ಹಾಕಿದ್ದು. ಹೊಕ್ಕಿಯೆನ್‌ನಲ್ಲಿ ಕಪ್ಪು ಎಂಬರ್ಥದ ‘ಓ’ ಸೇರಿಸಿ ‘ಕೊಪಿ ಓ’ ಎಂದರೆ ಹಾಲಿಲ್ಲದೆ ಸಕ್ಕರೆ ಮಾತ್ರ. ಮಲಯದಲ್ಲಿ ಬರಿದು, ಸೊನ್ನೆ ಎಂಬರ್ಥದ ‘ಕೊಸೊಂಗ್’ ಸೇರಿದರೆ ಸಕ್ಕರೆಯೂ ಇಲ್ಲ. ‘ಸ್ಯೂ ದಾಯ್’ ಎಂದರೆ ಸಿಹಿ ಕಡಿಮೆ. ಹೊಕ್ಕಿಯೆನ್‌ನ ‘ಪೆಂಗ್’ ಎಂದರೆ ಮಂಜುಗಡ್ಡೆ. ಹೀಗೆ ‘ಕೊಪಿ ಓ ಕೊಸೊಂಗ್ ಪೆಂಗ್’ ಎಂಬ ನಾಲ್ಕು ಮಾತು ಎರಡು ಭಾಷೆಗಳ ನಡುವೆ ಹೋಗಿ ಬಂದು ಮಾಡುತ್ತದೆ. ಎರಡು ಲೋಟಗಳ ನಡುವೆ ಚಹಾವನ್ನು ಮಾರುದ್ದ ಎಳೆದು ನೊರೆ ಬರಿಸುವ ‘ತೆ ತಾರಿಕ್’ ಮಾಡುವ ಭಾರತೀಯ ಮುಸ್ಲಿಮರ ಮಳಿಗೆಗಳಿಗೆ ‘ಸರಬತ್’ ಅಂಗಡಿಗಳೆಂದು ಹಳೆಯ ಹೆಸರು. ಕನ್ನಡದ ‘ಶರಬತ್ತು’ ಅದೇ ಪದ.

ಒಂದೇ ಮೇಜಿನ ನಡವಳಿ

ಹಾಕರ್ ಕೇಂದ್ರದಲ್ಲಿ ಬರೆಯದ ಕಟ್ಟಳೆಗಳಿವೆ. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವಿದ್ದರೆ ಆ ಜಾಗವನ್ನು ಯಾರೋ ಹಿಡಿದಿದ್ದಾರೆಂದು ಅರ್ಥ; ಇದಕ್ಕೆ ಅಲ್ಲಿಯವರು ‘ಚೋಪ್’ ಎನ್ನುತ್ತಾರೆ. ಅಪರಿಚಿತರು ಒಂದೇ ಮೇಜಿಗೆ ಕೂರುವುದು ಸಹಜ. ಒಂದೇ ಕುಟುಂಬದ ನಾಲ್ವರು ನಾಲ್ಕು ಮಳಿಗೆಗಳಿಂದ ತಂದು ಒಟ್ಟಿಗೆ ಉಣ್ಣಬಹುದಾದ್ದರಿಂದ, ಇಸ್ಲಾಂ ಧರ್ಮದ ನಿಯಮದಂತೆ ಹಲಾಲ್ ಆಹಾರ ತಿನ್ನುವವರೂ ಹಂದಿಮಾಂಸ ತಿನ್ನುವವರೂ ಸಸ್ಯಾಹಾರಿಗಳೂ ತಮ್ಮ ತಮ್ಮ ವ್ರತ ಕೆಡಿಸಿಕೊಳ್ಳದೆ ಒಂದೇ ಮೇಜಿನ ಸುತ್ತ ಸೇರುತ್ತಾರೆ. ಉಂಡ ಮೇಲೆ ತಟ್ಟೆಯನ್ನು ಮರಳಿಸುವುದು 2021ರ ಸೆಪ್ಟೆಂಬರ್‌ನಿಂದ ಕಡ್ಡಾಯವಾಗಿದ್ದು, ಹಲಾಲ್ ತಟ್ಟೆಗಳಿಗೆ ಬೇರೆ ಕಪಾಟುಗಳಿವೆ. ಸಹಬಾಳ್ವೆಯೆಂಬುದು ಇಲ್ಲಿ ಭಾಷಣದ ವಸ್ತುವಲ್ಲ, ತಟ್ಟೆ ಇಡುವ ಕಪಾಟಿನವರೆಗೂ ಯೋಚಿಸಿ ಮಾಡಿದ ವ್ಯವಸ್ಥೆ.

ಈ ವ್ಯವಸ್ಥೆಯ ಮುಂದೆ ಕಠಿಣ ಪ್ರಶ್ನೆಯೂ ಇದೆ. 2016ರಲ್ಲಿ ಮಿಶೆಲಿನ್ ಕೈಪಿಡಿ ಇಬ್ಬರು ಹಾಕರ್‌ಗಳ ಮಳಿಗೆಗಳಿಗೆ ತಲಾ ಒಂದು ನಕ್ಷತ್ರವಿತ್ತಾಗ, ಕೆಲವೇ ಡಾಲರಿನ ತಟ್ಟೆಯೂ ದುಬಾರಿ ಹೋಟೆಲಿನ ಸಾಲಿನಲ್ಲಿ ನಿಲ್ಲಬಲ್ಲದೆಂಬುದು ಜಗತ್ತಿಗೆ ತಿಳಿಯಿತು. ಆದರೆ ಹಾಕರ್‌ಗಳ ಸರಾಸರಿ ವಯಸ್ಸು ಅರವತ್ತರ ಆಸುಪಾಸಿನಲ್ಲಿದೆ. ಬೀದಿಯಿಂದ ಬಂದ ಮೊದಲ ತಲೆಮಾರಿನವರಿಗೆ ರಿಯಾಯಿತಿ ಬಾಡಿಗೆಯಿತ್ತು. ನಂತರ ಬಂದವರು ಟೆಂಡರಿನಲ್ಲಿ ಮಳಿಗೆ ಹಿಡಿಯಬೇಕು. ನಸುಕಿನಲ್ಲೇ ಎದ್ದು ಸಾರು ಕುದಿಸುವ, ಬೆಂಕಿಯ ಮುಂದೆ ದಿನವಿಡೀ ನಿಲ್ಲುವ ಈ ದುಡಿಮೆಗೆ ಓದಿದ ಮಕ್ಕಳು ಬರಲೊಲ್ಲರು. ತಟ್ಟೆಯ ಬೆಲೆ ತುಸು ಏರಿದರೂ ಗಿರಾಕಿಗಳು ಗೊಣಗುತ್ತಾರೆ. ಅಗ್ಗದ ಊಟದ ಹಿಂದಿನ ಶ್ರಮಕ್ಕೆ ತಕ್ಕ ಬೆಲೆ ಸಿಗದಿದ್ದರೆ ಯಾವ ಪಟ್ಟಿಯೂ ಈ ಕಸುಬನ್ನು ಉಳಿಸಲಾರದು. ಇದನ್ನರಿತೇ ಸರ್ಕಾರ ಹೊಸಬರಿಗೆ ಹಳೆಯ ಹಾಕರ್‌ಗಳಿಂದ ತರಬೇತಿ ಕೊಡಿಸುವ, ಮೊದಲಲ್ಲಿ ಕಡಿಮೆ ಬಾಡಿಗೆಗೆ ಸಜ್ಜಾದ ಮಳಿಗೆ ಒದಗಿಸುವ ಯೋಜನೆಗಳನ್ನು ಆರಂಭಿಸಿದೆ.

ಬೆಂಗಳೂರನ್ನು ಸಿಂಗಪುರವನ್ನಾಗಿ ಮಾಡಬೇಕೆಂಬ ಮಾತು ಎಸ್‌.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಿಂದ ಕನ್ನಡಿಗರ ಕಿವಿಗೆ ಬಿದ್ದಿದೆ. ಆ ಮಾತು ಕೇಳಿದಾಗಲೆಲ್ಲ ಕಣ್ಮುಂದೆ ಬಂದದ್ದು ಮೇಲ್ಸೇತುವೆ, ಗಾಜಿನ ಗೋಪುರಗಳು. ತಳ್ಳುಗಾಡಿಯವರ ಬದುಕನ್ನು ಕಾಯುವ ಬೀದಿಬದಿ ವ್ಯಾಪಾರಿಗಳ ಕಾಯ್ದೆ ನಮ್ಮಲ್ಲೂ 2014ರಿಂದ ಇದೆ. ಅದನ್ನು ಕಾಗದದಿಂದ ಬೀದಿಗೆ ಇಳಿಸಬೇಕಾದವರು ಸಿಂಗಪುರದಲ್ಲಿ ಮೊದಲು ನೋಡಬೇಕಾದದ್ದು ಗೋಪುರಗಳನ್ನಲ್ಲ, ಹಾಕರ್ ಮಳಿಗೆಯ ಹಿಂಬದಿಯನ್ನು. ಅಲ್ಲಿ ಹರಿಯುವ ನೀರಿನ ಒಂದು ನಲ್ಲಿಯಿದೆ, ಜಿಡ್ಡು ಸೋಸುವ ಒಂದು ಚರಂಡಿಯಿದೆ, ಮುಂಬದಿಯಲ್ಲಿ ಮಳಿಗೆಯ ಸಂಖ್ಯೆ ಬರೆದ ಒಂದು ಫಲಕವಿದೆ. ಕಾವಡಿ ಹೊತ್ತು ಅಲೆಯುತ್ತಿದ್ದವನಿಗೆ ವಿಳಾಸವೊಂದು ದಕ್ಕಿದ್ದು ಅಷ್ಟರಿಂದಲೇ.