ಪುಟಾಣಿಗೆ ಮನೆಯೇ ಮೊದಲ ಬಾಲವಾಡಿ

ಮುಂಬಯಿ ಉಪನಗರಗಳ ನಮ್ಮವರ ಮನೆಗಳಲ್ಲಿ ಗಂಡ-ಹೆಂಡತಿ ಇಬ್ಬರೂ ಬೆಳಗ್ಗಿನ ಲೋಕಲ್ ಹಿಡಿದು ದುಡಿಯಲು ಹೋಗುವುದು ಈಗ ಸಾಮಾನ್ಯ. ಎರಡು ವರ್ಷದ ಮಗು ಅಜ್ಜ-ಅಜ್ಜಿಯ ಬಳಿ ಇಲ್ಲವೇ ನೆರೆಮನೆಯ ಆಯಾಳ ಬಳಿ ಉಳಿಯುತ್ತದೆ. ಅತ್ತರೆ ಕೈಗೆ ಮೊಬೈಲು, ಮೂರು ತುಂಬುವ ಮೊದಲೇ ಪ್ಲೇಗ್ರೂಪಿನ ಶುಲ್ಕದ ಚಿಂತೆ. ಆದರೆ ಈ ವಯಸ್ಸಿಗೆ ಬೇಕಾದ ಎಷ್ಟೋ ಪಾಠಗಳನ್ನು ದಿನಕ್ಕೆ ಅರ್ಧ ಗಂಟೆ ಮೀಸಲಿಟ್ಟರೆ ಮನೆಯಲ್ಲೇ, ಅದೂ ನಮ್ಮ ಭಾಷೆಯಲ್ಲೇ ಕಲಿಸಲು ಸಾಧ್ಯ.

ಇದಕ್ಕೆ ನಮ್ಮ ಪಶ್ಚಿಮ ಭಾರತದಲ್ಲೇ ದಾರಿ ತೋರಿಸಿದವರಿದ್ದಾರೆ. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅವರನ್ನು ಜೊತೆಗೂಡಿಸಿಕೊಂಡು 1945ರಲ್ಲಿ ವಿರಾರಿನಾಚೆಯ ಬೋರ್ಡಿಯಲ್ಲಿ ಬಾಲವಾಡಿ ಆರಂಭಿಸಿದರು. ಮಾಂಟೆಸ್ಸರಿ ಪದ್ಧತಿಯ ದುಬಾರಿ ಸಾಮಗ್ರಿಗಳು ಬಡ ಹಳ್ಳಿಗಳಿಗೆ ಎಟುಕುವಂತಿರಲಿಲ್ಲ. ಆದುದರಿಂದ ಸುತ್ತಮುತ್ತ ಸಿಗುವ ಕಲ್ಲು, ಎಲೆ, ಹೂವುಗಳನ್ನೇ ಅವರು ಕಲಿಕೆಯ ಸಾಧನವಾಗಿಸಿದರು. ಆ ಹಳ್ಳಿಯಲ್ಲಿ ಸಾಧ್ಯವಾದದ್ದು ನಮ್ಮ ಒಂದು ರೂಮು-ಕಿಚನ್‌ನಲ್ಲೂ ಸಾಧ್ಯ.

ಮೊದಲು ಬೇಕಾದುದು ಕ್ರಮ. ದಿನವೂ ಅದೇ ಹೊತ್ತು, ಅದೇ ಚಾಪೆ. ಒಮ್ಮೆಗೆ ಒಂದೇ ವಸ್ತು ಹೊರಗೆ ಬರಬೇಕು. ಅದನ್ನು ಮಗುವೇ ಮರಳಿ ಇಟ್ಟ ಬಳಿಕ ಇನ್ನೊಂದು. ಈ ವಯಸ್ಸಿನ ಮಗು ಒಂದೇ ಆಟದಲ್ಲಿ ನಾಲ್ಕೈದು ನಿಮಿಷ ಮನಸ್ಸಿಟ್ಟರೂ ಹೆಚ್ಚೇ. ಬೇಸರಿಸಿದರೆ ಅಲ್ಲಿಗೇ ಮುಗಿಸಬೇಕು, ಒತ್ತಾಯ ಸಲ್ಲದು.

ಆಟದ ಸಾಮಾನು ಅಡುಗೆಮನೆಯಲ್ಲೇ ಇದೆ. ಮೂರು ಸ್ಟೀಲ್ ಡಬ್ಬಿ ಕೊಟ್ಟು ಯಾವ ಮುಚ್ಚಳ ಯಾವುದಕ್ಕೆಂದು ಹೊಂದಿಸಲು ಬಿಡಿ. ದೊಡ್ಡದು-ಚಿಕ್ಕದು ತಾನಾಗಿ ತಿಳಿಯುತ್ತದೆ. ಚಮಚಗಳನ್ನೂ ಬಟ್ಟಲುಗಳನ್ನೂ ಬೇರೆ ಬೇರೆ ಗುಂಪು ಮಾಡಿಸಿ. ಒಗೆದ ಬಟ್ಟೆಯಲ್ಲಿ ಕಾಲುಚೀಲದ ಜೋಡಿ ಹುಡುಕಿಸಿ. ಚಪಾತಿ ಹಿಟ್ಟು ನಾದುವುದು, ಬಟ್ಟೆಯ ಕ್ಲಿಪ್ ಒತ್ತುವುದು, ಒದ್ದೆ ಬಟ್ಟೆ ಹಿಂಡುವುದು ಇವೆಲ್ಲ ಮುಂದೆ ಪೆನ್ಸಿಲ್ ಹಿಡಿಯುವ ಬೆರಳುಗಳಿಗೆ ಶಕ್ತಿ ಕೊಡುತ್ತವೆ. ಬಣ್ಣ ಕಲಿಸುವಾಗ ಮೊದಲು ಕೆಂಪು, ಹಳದಿ ಎರಡೇ ಸಾಕು. ಅವು ಗಟ್ಟಿಯಾದ ಮೇಲೆ ಮೂರನೆಯದು.

ಆದರೆ ಎಚ್ಚರ ಬೇಕು. ಹುಣಸೆಬೀಜ, ಮಣಿ, ನಾಣ್ಯ, ಕಡಲೆಬೀಜಗಳನ್ನು ಮೂರು ವರ್ಷದೊಳಗಿನ ಮಗುವಿನ ಕೈಗೆ ಕೊಡಬೇಡಿ. ಬಾಯಿಗೋ ಮೂಗಿಗೋ ಹೋದರೆ ಪ್ರಾಣಕ್ಕೇ ಅಪಾಯ. ನೀರಾಟ ಲೋಟದಲ್ಲಿರಲಿ, ನೀರಿರುವ ಬಕೆಟ್ ಬಳಿ ಒಂದು ಕ್ಷಣವೂ ಮಗುವನ್ನು ಒಂಟಿಯಾಗಿ ಬಿಡಬಾರದು.

ಇನ್ನು ಮಾತಿನ ವಿಷಯ. ಹೊರಗೆ ಮರಾಠಿ-ಹಿಂದಿ, ಮುಂದೆ ಶಾಲೆಯಲ್ಲಿ ಇಂಗ್ಲಿಷ್ ಹೇಗೂ ಬರುತ್ತವೆ. ಕನ್ನಡವೋ ತುಳುವೋ ಕೊಂಕಣಿಯೋ ಮನೆಯಲ್ಲಿ ಸಿಗದಿದ್ದರೆ ಈ ಮಹಾನಗರದಲ್ಲಿ ಬೇರೆಲ್ಲಿ ಸಿಕ್ಕೀತು? ಆ ಅರ್ಧ ಗಂಟೆ ಪೂರ್ತಿ ಮನೆಮಾತಿನಲ್ಲೇ ನಡೆಯಲಿ. ತರಕಾರಿ ಚೀಲ ಖಾಲಿ ಮಾಡುವಾಗ ಬೆಂಡೆ, ಬದನೆ, ಸೋರೆ ಎನ್ನಿ. ಕಟ್ಟಡದ ಮೆಟ್ಟಿಲೇರುವಾಗ ಒಂದು, ಎರಡು, ಮೂರು ಎಂದು ಎಣಿಸಿ. ಮಗು ತಪ್ಪು ಹೇಳಿದರೆ ನಗದೆ, ತಿದ್ದದೆ, ಸರಿಯಾದ ಪದವನ್ನು ನೀವೇ ಇನ್ನೊಮ್ಮೆ ಆಡಿದರಾಯಿತು. ಅತಿಥಿಗಳ ಮುಂದೆ ಪರೀಕ್ಷೆಯಂತೂ ಬೇಡವೇ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದಿದೆ.

ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಎಂಬ ಹೆದರಿಕೆ ಹಲವರಲ್ಲಿದೆ. ಅದಕ್ಕೆ ಆಧಾರವಿಲ್ಲ. ಆದರೆ ಎರಡು ವರ್ಷ ತುಂಬಿದರೂ 'ಅಮ್ಮ ಬಾ' ಎಂಬಂತೆ ಎರಡು ಪದ ಜೋಡಿಸದಿದ್ದರೆ, ಹೆಸರು ಕರೆದಾಗ ತಿರುಗಿ ನೋಡದಿದ್ದರೆ, 'ಅವನಪ್ಪನೂ ತಡವಾಗಿಯೇ ಮಾತಾಡಿದ್ದು' ಎಂದು ಸುಮ್ಮನಿರದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಕಿವಿಯ ತಪಾಸಣೆಯೂ ಅಗತ್ಯ.

ಮೊಬೈಲಿನ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮೊಬೈಲು ಮಗುವಿಗೆ ಹಾಡು ಕೇಳಿಸೀತು. ಆದರೆ ಮಗು ಬೆರಳು ತೋರಿಸಿದ ಕಾಗೆಯನ್ನು ಅದರ ಜೊತೆ ನಿಂತು ನೋಡಲಾರದು.

ಬ್ಯಾಂಕಿನ ಆರ್.ಡಿ. ಖಾತೆಯಲ್ಲಿ ಕಂತು ಚಿಕ್ಕದಾದರೂ ತಪ್ಪದೆ ಕಟ್ಟಿದರೆ ಮೊತ್ತ ಬೆಳೆಯುತ್ತದೆ. ಈ ಅರ್ಧ ಗಂಟೆಯೂ ಹಾಗೆಯೇ. ಭಾನುವಾರ ಮೂರು ಗಂಟೆ ಕೂಡಿಸಿ ಉಳಿದ ದಿನ ಮರೆತರೆ ಪ್ರಯೋಜನವಿಲ್ಲ. ಹಗಲಿನಲ್ಲಿ ಅಜ್ಜ-ಅಜ್ಜಿ, ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಕಥೆಗೆ ಅಪ್ಪ-ಅಮ್ಮ ಎಂದು ಹಂಚಿಕೊಂಡರೆ ಯಾರಿಗೂ ಭಾರವಾಗದು. ಮಗುವಿನ ಈ ವಯಸ್ಸು ಮತ್ತೆ ಬರುವುದಿಲ್ಲ. ಚಾಪೆಯಂತೂ ಎಲ್ಲರ ಮನೆಯಲ್ಲೂ ಇದೆ, ಇಂದೇ ಹಾಸಬಹುದಲ್ಲವೇ?